ಉಗ್ರಾಣದ ಬೀಗದ ಕೈ

"ನಿಮ್ಮ ಮಗಳಿಗೆ ಬೆಂಗಳೂರಲ್ಲಿ ಏನು ಕೆಲಸ ಟೀಚರಮ್ಮಾ?" ಎಂದು ಎದುರುಮನೆಯ ಅಜ್ಜಿ ಕೇಳಿದಾಗಲೆಲ್ಲ "ಪ್ಲಾಟ್‌ಫಾರಂ ಎಂಜಿನಿಯರ್" ಎಂದು ಹೇಳಿ ಒಳಗೆ ಬಂದುಬಿಡುತ್ತಿದ್ದೆ. ನಮ್ಮದು ಅರಸೀಕೆರೆ. ರೈಲಿನ ಸದ್ದಿನಿಂದಲೇ ಹೊತ್ತು ಹೇಳುವ ಊರು. ಪ್ಲಾಟ್‌ಫಾರಂ ಎಂದ ಮೇಲೆ ಅಜ್ಜಿಗೆ ಬೇರೆ ವಿವರಣೆ ಬೇಕಾಗಲಿಲ್ಲ. "ರೈಲ್ವೇಲೇ? ಪುಣ್ಯ ಮಾಡಿದ್ರಿ. ಕೊನೇಗಾಲಕ್ಕೆ ಪಿಂಚಣಿ ಇರುತ್ತೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನೂ ತಿದ್ದಲಿಲ್ಲ. ತಿದ್ದುವುದಾದರೂ ಹೇಗೆ? ಮಗಳು ಕೆಲಸಕ್ಕೆ ಸೇರಿ ಐದು ವರ್ಷವಾಗಿದ್ದರೂ ಅವಳು ಮಾಡುವುದೇನೆಂದು ನನಗೇ ತಿಳಿದಿರಲಿಲ್ಲ. "ಸಾಫ್ಟ್‌ವೇರು" ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟಿದ್ದೆ. ನಿಮ್ಮಲ್ಲಿಯೂ ಅನೇಕರು ಹೀಗೇ ಮಾಡಿರುತ್ತೀರಿ.

ಕಳೆದ ದೀಪಾವಳಿಗೆ ಅವಳು ನಾಲ್ಕು ದಿನ ರಜೆ ಹಾಕಿ ಬಂದಳು. ಮುಖದಲ್ಲಿ ಹಬ್ಬದ ಕಳೆಯಿರಲಿಲ್ಲ. ನೀರು ತುಂಬುವ ಹಬ್ಬದ ಸಂಜೆ, ಇಬ್ಬರೂ ಬಚ್ಚಲಲ್ಲಿ ಹಂಡೆ ತೊಳೆಯುತ್ತಿದ್ದಾಗ, ಏನಾಯಿತೆಂದು ಕೇಳಿದೆ. ಕೈಯಲ್ಲಿದ್ದ ಹುಣಸೆಹಣ್ಣನ್ನು ಹಾಗೇ ಹಿಡಿದು ಕೂತಳು.

"ವರ್ಷದ ಲೆಕ್ಕ ನೋಡೋವಾಗ ಮೇಲಿನವರು ಕೇಳಿದ್ರು ಅಮ್ಮಾ. ಗಿರಾಕಿಗಳ ಕಣ್ಣಿಗೆ ಕಾಣೋ ಹಾಗೆ ಈ ವರ್ಷ ನೀನು ಏನು ಮಾಡಿದೆ ಅಂತ. ನನ್ನ ಹತ್ರ ತೋರಿಸೋಕೆ ಏನೂ ಇರಲಿಲ್ಲ. ಬಡ್ತಿ ಬೇರೆಯವರಿಗೆ ಹೋಯ್ತು. ಹಬ್ಬ ಮುಗಿಸಿ ಹೋದ ತಕ್ಷಣ ಬೇರೆ ಗುಂಪಿಗೆ ಹಾಕಿ ಅಂತ ಕೇಳ್ತೀನಿ."

"ಹಾಗಾದರೆ ನೀನು ಮಾಡೋದಾದ್ರೂ ಏನು?" ಎಂದು ಬಾಯಿಗೆ ಬಂದುಬಿಟ್ಟಿತು. ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದೆ. ಕೇಳಿದ ಮೇಲೆ ನಾಚಿಕೆಯಾಯಿತು. ಅವಳು ಬೇಸರಿಸಲಿಲ್ಲ.

"ಮದುವೆಮನೇಲಿ ಉಗ್ರಾಣ ನೋಡ್ಕೊಳ್ಳೋರು ಇರ್ತಾರಲ್ಲಮ್ಮ? ಅಡಿಗೆ ಭಟ್ಟರು ಬೆಲ್ಲ ಅಂದ್ರೆ ಬೆಲ್ಲ, ಬಾಳೆಲೆ ಅಂದ್ರೆ ಬಾಳೆಲೆ ತೆಗೆದು ಕೊಡೋರು. ನಾವು ಆರು ಜನ ಮಾಡೋದು ಅದೇ. ಕಂಪನೀಲಿ ಪ್ರೋಗ್ರಾಂ ಬರೆಯೋರೆಲ್ಲ ಅಡಿಗೆಯವರು. ಅವರಿಗೆ ಬೇಕಾದ್ದು ಕೈಗೆ ಸಿಗೋ ಹಾಗೆ ಜೋಡಿಸಿಡೋರು ನಾವು."

ಆಮೇಲೆ ಬಿಡಿಸಿ ಹೇಳಿದಳು. ಹೊಸದೊಂದು ಪ್ರೋಗ್ರಾಂ ಜನರಿಗೆ ತಲುಪಬೇಕಾದರೆ ಬರೆದುಬಿಟ್ಟರೆ ಸಾಲದು. ಅದು ಓಡಲು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಜಾಗ ಬೇಕು. ಲೆಕ್ಕಪತ್ರ ಇಡಲು ಭಂಡಾರ ಬೇಕು. ಕಳ್ಳರು ನುಗ್ಗದಂತೆ ಬೀಗ ಬೇಕು. ಒಂದಕ್ಷರ ತಿದ್ದಿದರೂ ಮತ್ತೆ ಪರೀಕ್ಷಿಸುವ ಏರ್ಪಾಡು ಬೇಕು. ನಡುರಾತ್ರಿ ನಿಂತುಹೋದರೆ ಯಾರನ್ನಾದರೂ ಎಬ್ಬಿಸುವ ಗಂಟೆ ಬೇಕು. ಮೊದಲು ಇವುಗಳಿಗಾಗಿ ಪ್ರತಿಯೊಬ್ಬರೂ ಐದಾರು ಕಡೆ ಅರ್ಜಿ ಕೊಟ್ಟು ವಾರಗಟ್ಟಲೆ ಕಾಯಬೇಕಿತ್ತಂತೆ. ಇವಳ ಗುಂಪು ಒಂದೇ ಪುಟ ಮಾಡಿತು. ಹೆಸರು ಬರೆದು, ಎಂಥ ಪ್ರೋಗ್ರಾಂ ಎಂದು ಆರಿಸಿ ಗುಂಡಿ ಒತ್ತಿದರೆ ಅರ್ಧ ಗಂಟೆಯಲ್ಲಿ ಎಲ್ಲ ಸಿದ್ಧ. ಇದಕ್ಕೇ ಪ್ಲಾಟ್‌ಫಾರಂ ಎಂಜಿನಿಯರಿಂಗ್ ಎಂದು ಹೆಸರು.

"ಊಟ ಚೆನ್ನಾಗಿದ್ರೆ ಭಟ್ಟರನ್ನ ಹೊಗಳ್ತಾರೆ. ಉಗ್ರಾಣದೋರ ಹೆಸರು ಯಾವಾಗ ಬರುತ್ತೆ ಹೇಳು? ಉಪ್ಪು ಮುಗಿದಾಗ" ಎಂದಳು.

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಯಾವುದು ತಿಳಿಯದಿದ್ದರೂ "ಇದು ಎಲ್ಲಿಂದ ಶುರುವಾಯಿತು" ಎಂದು ಕೇಳುವ ಚಾಳಿ. ಮಗಳನ್ನು ಕೇಳಿದರೆ, ನಾಲ್ಕೈದು ವರ್ಷದಿಂದೀಚೆಗೆ ಕೇಳಿಬರುತ್ತಿರುವ ಹೆಸರಮ್ಮ ಎಂದಳು. ಹೆಸರು ಹೊಸದಿರಬಹುದು, ಕೆಲಸ ಹೊಸದಾಗಿರಲಾರದು ಎನ್ನಿಸಿತು. ಹೋಗುವ ಮೊದಲು ಅವಳಿಂದ ಒಂದು ಮಾತು ತೆಗೆದುಕೊಂಡೆ. ಸಂಕ್ರಾಂತಿಯವರೆಗೆ ಬೇರೆ ಗುಂಪಿಗೆ ಕೇಳಕೂಡದು. ಆಮೇಲೆ ಅವಳು ಕಳಿಸಿದ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಸಂಜೆಯೆಲ್ಲ ಓದಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಕಥೆ ಶುರುವಾಗುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. 1946ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಗಣಕವನ್ನು ಲೋಕಕ್ಕೆ ತೋರಿಸಿತು. ಸುಮಾರು 30 ಟನ್ ತೂಕ, ಹಳೆಯ ರೇಡಿಯೋಗಳಲ್ಲಿರುತ್ತಿದ್ದಂಥ ಸುಮಾರು 18,000 ವಾಲ್ವುಗಳು. ಆಗ ಪ್ರೋಗ್ರಾಂ ಎಂದರೆ ಕಾಗದದ ಮೇಲೆ ಬರೆಯುವ ಸಂಗತಿಯಲ್ಲ. ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ಸ್ವಿಚ್ಚುಗಳನ್ನು ಒಂದೊಂದಾಗಿ ತಿರುಗಿಸಬೇಕು. ಹೊಸ ಲೆಕ್ಕವೊಂದನ್ನು ಹೂಡಲು ದಿನಗಟ್ಟಲೆ ಹಿಡಿಯುತ್ತಿತ್ತು. ಆ ಲೆಕ್ಕ ಮುಗಿದು ತಂತಿ ಬಿಚ್ಚಿದರೆ ಅಷ್ಟು ದಿನದ ಶ್ರಮವೂ ಬಿಚ್ಚಿದಂತೆಯೇ. ಮತ್ತೆ ಮೊದಲಿನಿಂದ.

ಈ ಕೆಲಸ ಮಾಡಿದವರು ಆರು ಮಂದಿ ಯುವತಿಯರು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರುತ್ ಲಿಕ್ಟರ್‌ಮನ್. ಆ ಫೆಬ್ರವರಿಯಲ್ಲಿ ನೆರೆದ ದೊಡ್ಡವರೆದುರು ಯಂತ್ರ ತಪ್ಪಿಲ್ಲದೆ ಲೆಕ್ಕ ಮಾಡಿ ತೋರಿಸಿದ್ದು ಇವರು ಹೂಡಿದ ಪ್ರೋಗ್ರಾಮಿನಿಂದ. ಅಂದು ರಾತ್ರಿ ನಡೆದ ಔತಣಕ್ಕೆ ಮಾತ್ರ ಇವರಿಗೆ ಕರೆಯಿರಲಿಲ್ಲ. ಐವತ್ತು ವರ್ಷ ಕಳೆದು, 1997ರಲ್ಲಿ, ತಂತ್ರಜ್ಞಾನದಲ್ಲಿ ದುಡಿದ ಮಹಿಳೆಯರ ಗೌರವಪಟ್ಟಿಗೆ ಇವರ ಹೆಸರು ಸೇರಿತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮೂರು ವರ್ಷದ ನಂತರ ಕಥೆ ಇಂಗ್ಲೆಂಡಿಗೆ ಬರುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ಕಟ್ಟಿಸಿದ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿತು. ಇದಕ್ಕೆ ತಂತಿ ಚುಚ್ಚಬೇಕಿರಲಿಲ್ಲ. ಕಾಗದದ ಉದ್ದ ಪಟ್ಟಿಯಲ್ಲಿ ತೂತು ಹೊಡೆದು ಪ್ರೋಗ್ರಾಮನ್ನು ಯಂತ್ರಕ್ಕೆ ಉಣಿಸುತ್ತಿದ್ದರು. ಆದರೆ ಹೊಸ ತೊಂದರೆಯೊಂದು ಕಾಣಿಸಿತು. ಬರೆದ ಪ್ರೋಗ್ರಾಮಿನಲ್ಲಿ ತಪ್ಪೋ ತಪ್ಪು. ಒಂದು ದಿನ ಮೆಟ್ಟಿಲ ತಿರುವಿನಲ್ಲಿ, ತಮ್ಮ ಉಳಿದ ಆಯುಷ್ಯದಲ್ಲಿ ದೊಡ್ಡ ಪಾಲು ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಹೋಗುತ್ತದೆ ಎಂಬುದು ವಿಲ್ಕ್ಸರಿಗೆ ಹೊಳೆಯಿತಂತೆ. ಅವರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಸಂಯುಕ್ತ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಹೊತ್ತು ಮನೆಗೆ ಬರುವ ನಮ್ಮಂಥವರಿಗೆ ಆ ಮೆಟ್ಟಿಲು ಚೆನ್ನಾಗಿ ಗೊತ್ತು.

ಅದಕ್ಕೆ ಪರಿಹಾರ ಹುಡುಕಿದ್ದು ಅವರ ಶಿಷ್ಯ ಡೇವಿಡ್ ವೀಲರ್. ವರ್ಗಮೂಲ ತೆಗೆಯುವುದು, ಭಾಗಾಕಾರ ಮಾಡುವುದು, ಉತ್ತರವನ್ನು ಅಚ್ಚು ಹಾಕುವುದು, ಇಂಥವು ಎಲ್ಲರಿಗೂ ಬೇಕಾದವು. ಪ್ರತಿಯೊಬ್ಬರೂ ಹೊಸದಾಗಿ ಬರೆದು ಹೊಸದಾಗಿ ತಪ್ಪು ಮಾಡುವುದೇಕೆ? ಒಬ್ಬರು ಸರಿಯಾಗಿ ಬರೆದು, ಪರೀಕ್ಷಿಸಿ, ಎಲ್ಲರಿಗೂ ಸಿಗುವಂತೆ ಇಟ್ಟರೆ ಸಾಕಲ್ಲ? ಇಂಥ ತುಣುಕುಗಳಿಗೆ ಸಬ್‌ರೂಟೀನ್ ಎಂದು ಹೆಸರು. ಪ್ರೋಗ್ರಾಂ ನಡುವೆ ಒಂದು ತುಣುಕಿಗೆ ಹಾರಿ, ಅದರ ಕೆಲಸ ಮುಗಿದ ಮೇಲೆ ಬಿಟ್ಟ ಜಾಗಕ್ಕೇ ಮರಳುವ ಉಪಾಯವನ್ನು ವೀಲರ್ ಕಂಡುಹಿಡಿದರು. 1951ರ ಹೊತ್ತಿಗೆ ಅಂಥ 87 ತುಣುಕುಗಳು ಸಿದ್ಧವಾಗಿದ್ದವು. ಅದೇ ವರ್ಷ ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಸೇರಿ ಬರೆದ ಪುಸ್ತಕವನ್ನು ಪ್ರೋಗ್ರಾಮಿಂಗಿನ ಮೊದಲ ಪಠ್ಯಪುಸ್ತಕವೆನ್ನುತ್ತಾರೆ.

ಆ 87 ತುಣುಕುಗಳ ಕಾಗದಪಟ್ಟಿಗಳನ್ನು ಎಲ್ಲಿಟ್ಟಿದ್ದರು ಗೊತ್ತೇ? ಒಂದು ಉಕ್ಕಿನ ಬೀರುವಿನಲ್ಲಿ! ಬೇಕಾದವರು ತಮಗೆ ಬೇಕಾದ ಪಟ್ಟಿಯನ್ನು ತೆಗೆದು, ಯಂತ್ರಕ್ಕೆ ಕೊಟ್ಟು, ತಮ್ಮ ಪಟ್ಟಿಯ ಮೇಲೆ ನಕಲು ಮಾಡಿಸಿಕೊಂಡು, ಮತ್ತೆ ಒಳಗಿಡುತ್ತಿದ್ದರು. ಓದುತ್ತ ನನಗೆ ಮೈ ಜುಮ್ಮೆಂದಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಅತ್ತ ಅಮೆರಿಕದಲ್ಲಿ ಗ್ರೇಸ್ ಹಾಪರ್ ಎಂಬಾಕೆ ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟರು. 1906ರಲ್ಲಿ ಹುಟ್ಟಿದ ಇವರು 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು ವಸ್ಸಾರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ನಮ್ಮ ಕಸುಬಿನವರೇ ಎನ್ನಿ. ಯುದ್ಧಕಾಲದಲ್ಲಿ, 1943ರಲ್ಲಿ, ನೌಕಾಪಡೆ ಸೇರಿದರು. ಮರುವರ್ಷ ಹಾರ್ವರ್ಡಿನ ಮಾರ್ಕ್ ಒನ್ ಎಂಬ ಗಣಕದ ಕೆಲಸಕ್ಕೆ ಬಂದರು. ಅಲ್ಲಿ ಅವರೂ ಜೊತೆಯವರೂ ಸರಿಯಾಗಿ ನಡೆದ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಬ್ಬರಿಂದೊಬ್ಬರು ಎರವಲು ತಂದು ಕಾಪಿ ಮಾಡಿಕೊಳ್ಳುತ್ತಿದ್ದರು. ಕಾಪಿ ಮಾಡುವಾಗ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಎಲ್ಲವೂ ಹಾಳು. ಮನುಷ್ಯರಿಗೆ ತಪ್ಪಿಲ್ಲದೆ ಕಾಪಿ ಮಾಡಲು ಬಾರದು ಎಂದು ಹಾಪರ್ ಕಂಡುಕೊಂಡರು. ಹಾಗಾದರೆ ಬೀರು ತೆಗೆದು, ಬೇಕಾದ ಪಟ್ಟಿ ಹುಡುಕಿ, ಜೋಡಿಸುವ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? ಪ್ರತಿ ತುಣುಕಿಗೂ ಒಂದು ಕರೆಸಂಖ್ಯೆ ಕೊಟ್ಟರು. ಸಂಖ್ಯೆ ಹೇಳಿದರೆ ಸಾಕು, ಯಂತ್ರ ತಾನೇ ಹುಡುಕಿ ಸೇರಿಸುತ್ತಿತ್ತು. 1952ರಲ್ಲಿ ಸಿದ್ಧವಾದ ಇದನ್ನು ಎ-ಜೀರೋ ಕಂಪೈಲರ್ ಎಂದು ಕರೆದರು. ಆ ವರ್ಷ ಅವರು ಮಂಡಿಸಿದ ಪ್ರಬಂಧದ ಹೆಸರೇ 'ಕಂಪ್ಯೂಟರೊಂದರ ಶಿಕ್ಷಣ'. ಟೀಚರ ಕೈ ಬರಹ ಎಲ್ಲಿ ಹೋದರೂ ಗೊತ್ತಾಗುತ್ತದೆ.

ಸಿದ್ಧವಾದದ್ದೇನೋ ಸರಿ, ಅದನ್ನು ಮುಟ್ಟುವವರೇ ಇರಲಿಲ್ಲವೆಂದು ಹಾಪರ್ ಮುಂದೆ ನೆನೆಸಿಕೊಂಡಿದ್ದಾರೆ. ಕಂಪ್ಯೂಟರ್ ಲೆಕ್ಕ ಮಾಡುವ ವಸ್ತು, ಅದು ಪ್ರೋಗ್ರಾಂ ಜೋಡಿಸುವುದುಂಟೇ ಎಂದು ಜನ ಅವರಿಗೇ ಬುದ್ಧಿ ಹೇಳಿದರಂತೆ. ಒಪ್ಪಿಸಲು ವರ್ಷಗಳೇ ಹಿಡಿದವು. ಅವರು ಹಿಡಿದ ದಾರಿಯಿಂದ 1960ರ ಸುಮಾರಿಗೆ ಕೋಬಾಲ್ ಭಾಷೆ ಬಂತು. ದಶಕಗಳ ಕಾಲ ಲೋಕದ ಬ್ಯಾಂಕುಗಳ ಲೆಕ್ಕಪತ್ರ ಅದರಲ್ಲಿ ನಡೆಯಿತು. 1986ರಲ್ಲಿ ನೌಕಾಪಡೆಯಿಂದ ನಿವೃತ್ತರಾದಾಗ ಅವರಿಗೆ 79 ವರ್ಷ, ರಿಯರ್ ಅಡ್ಮಿರಲ್ ಪದವಿ.

ಇಲ್ಲಿಂದ ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. ಕಂಪ್ಯೂಟರುಗಳು ಬೆಳೆದಂತೆ ಪ್ರೋಗ್ರಾಂ ಬರೆಯುವವರು ಒಂದು ಕಡೆ, ಅದನ್ನು ಹಗಲೂರಾತ್ರಿ ನಡೆಸಿಕೊಂಡು ಹೋಗುವವರು ಒಂದು ಕಡೆ ಆದರು. ಬರೆದವರು ಬರೆದು ಗೋಡೆಯಾಚೆ ಎಸೆದರೆ, ಅದು ಕೆಟ್ಟಾಗ ಆಚೆಯವರು ಇವರನ್ನು ಬೈಯುವರು, ಇವರು ಅವರನ್ನು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳಲ್ಲಿ ಜಾಗವನ್ನೂ ಶಕ್ತಿಯನ್ನೂ ಹೊರಗಿನವರಿಗೆ ಬಾಡಿಗೆಗೆ ಕೊಡಲಾರಂಭಿಸಿತು. ಇಂದು ಎಲ್ಲರ ಬಾಯಲ್ಲಿರುವ 'ಕ್ಲೌಡ್' ಹರಡಿದ್ದು ಅಲ್ಲಿಂದ. 2009ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಪ್ಯಾಟ್ರಿಕ್ ಡೆಬ್ವಾ ಎಂಬುವರು ಎರಡೂ ಕಡೆಯವರನ್ನು ಒಂದೆಡೆ ಕೂಡಿಸಿ ಸಭೆ ನಡೆಸಿದರು. ಗೋಡೆ ಒಡೆಯೋಣ, ಬರೆದವರೇ ನಡೆಸಲಿ ಎಂಬ ಆ ಚಳವಳಿಗೆ ಡೆವ್‌ಆಪ್ಸ್ ಎಂದು ಹೆಸರಾಯಿತು.

ಮಾತು ಚೆನ್ನಾಗಿಯೇ ಇತ್ತು. ಆದರೆ ಗೋಡೆ ಬಿದ್ದ ಮೇಲೆ ಆಚೆಯ ಸಾಮಾನೆಲ್ಲ ಬರೆಯುವವರ ತಲೆಯ ಮೇಲೆ ಬಂತು. 2014ರಲ್ಲಿ ಗೂಗಲ್ ಹೊರಬಿಟ್ಟ ಕುಬರ್ನೆಟಿಸ್‌ನಂಥ ಸಲಕರಣೆಗಳು ಬಂದವು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಹಡಗಿನ ಚುಕ್ಕಾಣಿ ಹಿಡಿದವನೆಂದು ಅರ್ಥ. ಶಕ್ತಿ ದೊಡ್ಡದು, ಕಲಿಯುವುದೂ ಅಷ್ಟೇ ಕಷ್ಟ. ಅಡಿಗೆಯವನೇ ಗದ್ದೆ ಉತ್ತು, ಸೌದೆ ಒಡೆದು, ಬಾಗಿಲು ಕಾಯಬೇಕು ಎಂಬಂತಾಯಿತು.

ಆಗ ಒಂದು ಮಾತು ಸಾಫ್ಟ್‌ವೇರಿನವರ ಬಾಯಿಗೆ ಬಂತು: 'ಮನಸ್ಸಿನ ಮೇಲಿನ ಹೊರೆ'. 2019ರಲ್ಲಿ ಮ್ಯಾಥ್ಯೂ ಸ್ಕೆಲ್ಟನ್ ಮತ್ತು ಮ್ಯಾನುಯೆಲ್ ಪೈಸ್ ಬರೆದ 'ಟೀಮ್ ಟೊಪಾಲಜೀಸ್' ಎಂಬ ಪುಸ್ತಕ, ಈ ಹೊರೆ ಇಳಿಸುವುದಕ್ಕೇ ಪ್ಲಾಟ್‌ಫಾರಂ ಗುಂಪು ಇರಬೇಕು ಎಂದು ವಾದಿಸಿತು. ಮರುವರ್ಷ ಸ್ವೀಡನ್ನಿನ ಸ್ಪಾಟಿಫೈ ಕಂಪನಿ ತನ್ನವರಿಗಾಗಿ ಮಾಡಿಕೊಂಡಿದ್ದ ಬ್ಯಾಕ್‌ಸ್ಟೇಜ್ ಎಂಬ ಸಲಕರಣೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹೆಸರಿಗೆ ತಕ್ಕಂತೆ ರಂಗದ ಹಿಂದಿನ ಕೆಲಸ. ಎಲ್ಲವೂ ಸಿದ್ಧವಿರುವ ಸುಗಮ ಹಾದಿಗೆ ಅವರು 'ಬಂಗಾರದ ದಾರಿ' ಎನ್ನುತ್ತಾರೆ.

ಈಗ ನಾನು ಬೆರಗಾದ ಸಂಗತಿ ಹೇಳುತ್ತೇನೆ. ಮನಸ್ಸಿನ ಹೊರೆ ಎಂಬ ಆ ಮಾತು ಕಂಪ್ಯೂಟರಿನವರದ್ದಲ್ಲ. ಅದು ನಮ್ಮ ತರಗತಿಯದು! ಆಸ್ಟ್ರೇಲಿಯಾದ ಶೈಕ್ಷಣಿಕ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಲ್ಲಿ ಅದನ್ನು ವಿವರಿಸಿದರು. ಮನಸ್ಸು ಒಂದೇ ಸಲಕ್ಕೆ ಹಿಡಿದಿಡಬಲ್ಲದ್ದು ಕೊಂಚವೇ. ಅನಗತ್ಯ ಸಂಗತಿಗಳಿಂದ ಅದು ತುಂಬಿಹೋದರೆ ಕಲಿಯಲು ಜಾಗವೇ ಉಳಿಯದು. ಭೂಪಟ ಬರೆಯಲು ಪೆನ್ಸಿಲ್ಲಿಲ್ಲ, ರಬ್ಬರಿಲ್ಲ, ಹಾಳೆ ಹರಿದಿದೆ ಎಂದು ಒದ್ದಾಡುವ ಹುಡುಗಿಯ ತಲೆಗೆ ತುಂಗಭದ್ರೆ ಹರಿಯುವುದುಂಟೇ? ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತ ನನ್ನ ಮಗಳು ಇಳಿಸುತ್ತಿರುವುದೂ ಅದೇ ಹೊರೆ.

ಬೀರುವಿನ ಮಾತು ಬಾಕಿ ಉಳಿಯಿತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, 1998ರಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿದ್ದ ಖಾಲಿ ಬೀರುವೊಂದನ್ನು ಕೇಳಿ ಪಡೆದೆ. ಭೂಪಟಗಳು, ರಾಜವಂಶಗಳ ಕಾಲರೇಖೆ, ಹಿಂದಿನ ಪ್ರಶ್ನೆಪತ್ರಿಕೆಗಳು, ಪಾಠಟಿಪ್ಪಣಿಯ ಮಾದರಿಗಳು, ಎಲ್ಲವನ್ನೂ ರಾತ್ರಿ ಕೂತು ಬರೆದು ಜೋಡಿಸಿದೆ. ಹೊಸದಾಗಿ ಬಂದ ಟೀಚರು ಮೊದಲ ದಿನವೇ ಚಾರ್ಟ್ ಹಿಡಿದು ತರಗತಿಗೆ ಹೋಗುವುದನ್ನು ನೋಡಿ ಹಿಗ್ಗುತ್ತಿದ್ದೆ. ಒಂದು ಸಲ ಒಂದು ಭೂಪಟ ಹರಿದು ಬಂತು. ಸಿಟ್ಟಾಗಿ ಬೀಗ ಹಾಕಿದೆ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪುಸ್ತಕ ಇಟ್ಟು, ರುಜು ಹಾಕಿ ತೆಗೆದುಕೊಳ್ಳಬೇಕೆಂದೆ. ಮುಂದಿನ ವರ್ಷದ ಹೊತ್ತಿಗೆ ಬೀರುವಿನ ಹತ್ತಿರ ಯಾರೂ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ತಾವೇ ಅಂಕುಡೊಂಕಾಗಿ ನಕ್ಷೆ ಬರೆದುಕೊಳ್ಳುತ್ತಿದ್ದರು. ನನ್ನ ಕೆಲಸಕ್ಕೆ ಬೆಲೆಯಿಲ್ಲವೆಂದು ಎಷ್ಟೋ ಕಾಲ ಕೊರಗಿದೆ. ಕೀಲಿ ನನ್ನ ಸೊಂಟದಲ್ಲಿತ್ತು ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಸಂಕ್ರಾಂತಿಗೆ ಮಗಳು ಬಂದಾಗ ಈ ಕಥೆಯನ್ನೆಲ್ಲ ಹೇಳಿದೆ. ಎನಿಯಾಕಿನ ಔತಣದ ಸಂಗತಿ ಕೇಳಿ "ನೋಡಿದ್ಯಾ!" ಎಂದಳು. ಬೀರುವಿನ ಕಥೆಗೆ ನಕ್ಕಳು. ಆಗ ಕೇಳಿದೆ, "ನಿಮ್ಮ ಉಗ್ರಾಣದ ಬೀಗದ ಕೈ ಯಾರ ಹತ್ರ ಇದೆ?"

ಎಳ್ಳು ಬೀರಲು ಪೊಟ್ಟಣ ಕಟ್ಟುತ್ತಿದ್ದವಳು ನಿಲ್ಲಿಸಿದಳು. ಕಳೆದ ವರ್ಷ ಎಲ್ಲರೂ ತಮ್ಮ ಪುಟವನ್ನೇ ಬಳಸಬೇಕೆಂದು ಆಜ್ಞೆ ಮಾಡಿಸಿದ್ದರಂತೆ. ಎರಡು ಗುಂಪಿನವರು ಗೊಣಗಿದಾಗ ಇವರು ಕಿವಿಗೆ ಹಾಕಿಕೊಂಡಿರಲಿಲ್ಲ. "ಬಳಸೋರನ್ನ ನಾವು ಯಾವತ್ತೂ ಕೂತು ಕೇಳೇ ಇಲ್ಲಮ್ಮ" ಎಂದಳು. ಬಲವಂತಕ್ಕೆ ನಡೆಸುವ ದಾರಿ ಬಂಗಾರದ್ದಾದರೂ ಕಾಲಿಗೆ ಚುಚ್ಚುತ್ತದೆ.

ಹಾಗೆಂದು ಅವಳ ಮೇಲಿನವರ ತಪ್ಪು ತಪ್ಪಲ್ಲವೆಂದು ನಾನು ಹೇಳುವುದಿಲ್ಲ. ಕಾಣುವ ಕೆಲಸಕ್ಕೆ ಮಾತ್ರ ಬೆಲೆ ಕಟ್ಟುವವರು ಒಂದು ದಿನ ಉಪ್ಪಿಲ್ಲದ ಊಟ ಉಣ್ಣುತ್ತಾರೆ. ಆದರೆ ಉಗ್ರಾಣದವರೂ ಆಗಾಗ ಪಂಕ್ತಿಗೆ ಬಂದು, ಯಾರಿಗೆ ಏನು ಸಾಲಲಿಲ್ಲವೆಂದು ನೋಡಬೇಕು.

ಅವಳು ಬೇರೆ ಗುಂಪಿಗೆ ಕೇಳಲಿಲ್ಲ. ಒಂದು ತಿಂಗಳು ದಿನಕ್ಕೊಬ್ಬರ ಪಕ್ಕ ಕೂತು, ಅವರು ಎಲ್ಲಿ ತಡವರಿಸುತ್ತಾರೆಂದು ಬರೆದುಕೊಂಡಳು. ಕಡ್ಡಾಯ ತೆಗೆಸಿದಳು. ಗೊಣಗಿ ಹೋಗಿದ್ದ ಎರಡು ಗುಂಪಿನಲ್ಲಿ ಒಂದು ಮರಳಿ ಬಂತಂತೆ, ಇನ್ನೊಂದು ಬರಲಿಲ್ಲ. ಈ ಪುಟದಿಂದ ನಮಗೆ ಎಷ್ಟು ದಿನ ಉಳಿಯಿತೆಂದು ಬಳಸುವವರೇ ಮೇಲಿನವರಿಗೆ ಬರೆದುಕೊಟ್ಟಿದ್ದಾರೆ. ಬಡ್ತಿ ಸಿಕ್ಕಿತೇ ಎಂದರೆ, ಇನ್ನೂ ಇಲ್ಲ.

ನಾನೂ ಬೀರುವಿನ ಬೀಗ ತೆಗೆದಿದ್ದೇನೆ. ಕೀಲಿ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಹೋದ ವಾರ ನೋಡಿದರೆ ಒಳಗೆ ನನ್ನದಲ್ಲದ ಒಂದು ಚಾರ್ಟಿತ್ತು. ಯಾರು ಇಟ್ಟರೆಂದು ನಾನು ವಿಚಾರಿಸಲಿಲ್ಲ.

ಮೊನ್ನೆ ಎದುರುಮನೆಯ ಅಜ್ಜಿಯನ್ನು ಕೂರಿಸಿಕೊಂಡು ನಿಜ ಹೇಳಿದೆ. ರೈಲ್ವೆಯಲ್ಲ ಅಜ್ಜಿ, ಕಂಪ್ಯೂಟರ್ ಕೆಲಸದಲ್ಲಿ ಉಗ್ರಾಣ ನೋಡಿಕೊಳ್ಳುತ್ತಾಳೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮನೆತನದ ಮದುವೆಗಳಲ್ಲೆಲ್ಲ ಉಗ್ರಾಣ ನಂದೇ ಕಣಮ್ಮ. ಒಂದು ಸಲಾನೂ ಮೊದಲ ಪಂಕ್ತೀಲಿ ಕೂತೋಳಲ್ಲ" ಎಂದರು. ಆಮೇಲೆ ಏನೋ ನೆನಪಾದವರಂತೆ ನನ್ನ ಮುಖ ನೋಡಿದರು.

"ಹಾಗಾದ್ರೆ ಪಿಂಚಣಿ ಇಲ್ವೇ?"